ಅರಸನ ಹೊರೆಗಲ್ಲು

ಮೂಡಲಗೊಂದಿಯಿಂದ ಪಡುವಣ ಸೀಮೆಗೆ ಹೋಗುವ ರಸ್ತೆ ಊರು ದಾಟಿ ಎರಡು ಮೈಲಿಯಾದ ಮೇಲೆ ಗುಡ್ಡ ಹತ್ತತೊಡಗುತ್ತದೆ. ಎರಡೂ ಮಗ್ಗುಲಲ್ಲಿ ಬಿಸಿಲಿಗೆ ಕಾದು ಕಪ್ಪಾದ ಬಂಡೆಗಳು, ಅವುಗಳ ಸಂದಿನಲ್ಲಿ ಕಾರೆಗಿಡ, ಬೂದಿ ಬಣ್ಣದ ಹುಲ್ಲು. ಕಣ್ತುಂಬಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ. ಬಸ್ಸುಗಳು ಕೂಡ ಇಲ್ಲಿ ಏದುಸಿರು ಬಿಡುತ್ತಲೇ ಏರುತ್ತವೆ. ಏರು ಮುಗಿಯುವುದಕ್ಕೆ ಸ್ವಲ್ಪ ಮುಂಚೆ, ಏಳನೆಯ ತಿರುವಿನಲ್ಲಿ, ರಸ್ತೆಯ ಎಡಕ್ಕೆ ಮೂರು ಕಲ್ಲುಗಳಿವೆ. ಎರಡು ನೆಟ್ಟಗೆ ನಿಂತಿವೆ, ಮೂರನೆಯದು ಅವುಗಳ ಮೇಲೆ ಅಡ್ಡ ಮಲಗಿದೆ. ಸಾಧಾರಣ ಆಳು ಪಕ್ಕದಲ್ಲಿ ನಿಂತರೆ ಅಡ್ಡಗಲ್ಲು ಅವನ ಹಣೆಯ ಮಟ್ಟಕ್ಕೆ ಬರುತ್ತದೆ. ಇದೇ ಅರಸನ ಹೊರೆಗಲ್ಲು. ಹತ್ತಿರ ಹೋಗಿ ನೋಡಿದವರು ಎರಡು ಸಂಗತಿ ಕಂಡು ಬೆರಗಾಗುತ್ತಾರೆ. ಒಂದು, ಅಡ್ಡಗಲ್ಲಿನ ಅಂಚಿಗೆ ತಾವರೆಯ ಎಸಳುಗಳನ್ನು ಕಡೆದಿದ್ದಾರೆ, ನಡುಭಾಗ ಕಾಲಿನಿಂದ ತುಳಿದು ತುಳಿದು ಸವೆದಂತಿದೆ. ಆಳೆತ್ತರದಲ್ಲಿರುವ ಕಲ್ಲನ್ನು ತುಳಿದವರು ಯಾರು? ಇನ್ನೊಂದು, ಅದರ ಮೇಲೆ ಒಂದು ಕಡೆಗೆ ತಲೆಯ ಸುತ್ತಳತೆಯ ಕೆಂಪು ಬಳೆಯೊಂದಿದೆ, ಎಷ್ಟು ಮಳೆ ಹೊಯ್ದರೂ ಹೋಗದ ತುಕ್ಕಿನ ಬಳೆ.

ತಲೆಯ ಮೇಲೆ ಹೊತ್ತು ನಡೆಯುವುದನ್ನೇ ಮರೆತಿರುವ ಈ ಕಾಲದಲ್ಲಿ ಹೊರೆಗಲ್ಲು ಎಂದರೆ ಏನೆಂದು ಹೇಳಬೇಕಾಗುತ್ತದೆ. ಭಾರವಾದ ಹೊರೆಯನ್ನು ಹೊತ್ತವರು ತಾವೇ ತಲೆಗೇರಿಸಲಾರರು, ತಾವೇ ಇಳಿಸಲಾರರು. ಇನ್ನೊಬ್ಬರು ಕೈ ಹಚ್ಚಬೇಕು. ದಾರಿಯಲ್ಲಿ ಕೈ ಹಚ್ಚುವವರು ಸಿಕ್ಕದಿದ್ದರೆ ಗತಿಯೇನು? ಅದಕ್ಕೆಂದೇ ತಲೆಯ ಮಟ್ಟಕ್ಕೆ ಕಲ್ಲು ಕಟ್ಟುತ್ತಿದ್ದರು. ಬಂದವರು ಮಗ್ಗುಲಿಗೆ ನಿಂತು, ತುಸು ವಾಲಿ, ಹೊರೆಯನ್ನು ತಲೆಯಿಂದ ಕಲ್ಲಿಗೆ ಜಾರಿಸಿ, ನೀರು ಕುಡಿದು, ಮತ್ತೆ ಕಲ್ಲಿನಿಂದ ತಲೆಗೆ ಜಾರಿಸಿಕೊಂಡು ಹೋಗುತ್ತಿದ್ದರು. ಈ ಗುಡ್ಡದ ಹಾದಿ ಉಪ್ಪಿನ ಹಾದಿ. ಮೂಡಣದ ಚೌಳು ನೆಲದಲ್ಲಿ ಕುದಿಸಿ ತೆಗೆದ ಉಪ್ಪನ್ನು ಹೆಂಗಸರೂ ಗಂಡಸರೂ ತಲೆಯ ಮೇಲೆ ಹೊತ್ತು ಪಡುವಲಿಗೆ ಮುಟ್ಟಿಸುತ್ತಿದ್ದರು. ಆ ಹೊರೆಗಾರರಲ್ಲಿ ಒಂದು ಕಟ್ಟಳೆಯಿತ್ತು ಎನ್ನುತ್ತಾರೆ. ಬೆಳಗ್ಗೆ ನಿನ್ನ ತಲೆಗೆ ಹೊರೆ ಎತ್ತಿಕೊಟ್ಟವರು ಯಾರೋ, ಸಂಜೆ ಅದನ್ನು ಇಳಿಸಬೇಕಾದವರೂ ಅವರೇ. ಇಲ್ಲವೆಂದರೆ ಹೊರೆಗಲ್ಲು ಇಳಿಸಬಹುದು, ಏಕೆಂದರೆ ಅದು ಎಲ್ಲರ ಕೈ. ಕಲ್ಲಿಲ್ಲದ ಕಡೆ ಬೇರೆಯವರು ಮುಟ್ಟುವಂತಿಲ್ಲ; ಹೊತ್ತವರೇ ಕಿತ್ತು ಹಾಕಿದರೆ ಅದು ಇಳಿಸಿದ್ದಲ್ಲ, ಎಸೆದದ್ದು. ಎತ್ತಿಕೊಟ್ಟು ಇಳಿಸದೆ ಹೋದವರ ಮನೆಯಲ್ಲಿ ಹೊರೆಗಾರರು ನೀರನ್ನೂ ಮುಟ್ಟುತ್ತಿರಲಿಲ್ಲ.

ಹಿಂದೆ ಒಮ್ಮೆ, ಈ ಸೀಮೆಯನ್ನೆಲ್ಲ ನನ್ನಿಯರಸರು ಆಳುತ್ತಿದ್ದರು. ಇಲ್ಲಿಂದ ಮೂರು ದಿನದ ನಡಿಗೆಯ ಸಿರಿವೊಳಲು ಅವರ ರಾಜಧಾನಿ. ಆ ವಂಶದ ಮೊದಲಿಗ ನನ್ನಿಗನೆಂಬವನು ಉಪ್ಪಿನ ಹೊರೆಗಾರನೇ ಆಗಿದ್ದನಂತೆ. ಹೊರೆ ಬಿಟ್ಟು ಕತ್ತಿ ಹಿಡಿದು ಅರಸನಾದ ಮೇಲೂ ಅವನು ತನ್ನವರ ಕಟ್ಟಳೆ ಬಿಡಲಿಲ್ಲ. ಬಂಗಾರದ ತಗಡು ಹೊದಿಸಿದ ಕಬ್ಬಿಣದ ಕಿರೀಟವೊಂದನ್ನು ಮಾಡಿಸಿದ. ತೂಕಕ್ಕೆ ಒಂದು ಕೊಳಗ ಉಪ್ಪನ್ನೇ ಇಟ್ಟು ತೂಗಿಸಿದ. ತನ್ನ ವಂಶದವರು ಯಾರೂ ಇದನ್ನು ತಾವೇ ಏರಿಸಿಕೊಳ್ಳಬಾರದು, ತಾವೇ ಇಳಿಸಿಕೊಳ್ಳಬಾರದು, ತನ್ನ ಹಳೆಯ ಜೊತೆಗಾರನ ಮನೆತನದವರು ದಿನವೂ ಬೆಳಗ್ಗೆ ಏರಿಸಿ ಸಂಜೆ ಇಳಿಸಬೇಕು, ಎಂದು ಕಟ್ಟು ಮಾಡಿದ. ಹೊತ್ತಿದ್ದು ಹೊರೆ ಎಂಬುದು ತಲೆ ಬಿಸಿಯಾದಾಗ ಮರೆತುಹೋಗದಿರಲಿ ಎಂದೇ ಹೀಗೆ ಮಾಡಿದನೆಂದು ಹೇಳುತ್ತಾರೆ. ಮರೆಯುವವರು ಮರೆತೇ ಮರೆಯುತ್ತಾರೆ, ಅದು ಬೇರೆ ಮಾತು.

ನನ್ನಿಗನಿಂದ ಆರನೆಯ ತಲೆಗೆ ಇರುಗಮಲ್ಲ ಪಟ್ಟಕ್ಕೆ ಬಂದ. ಆಗ ಅವನಿಗೆ ಹತ್ತೊಂಬತ್ತು. ಕಿರೀಟ ಏರಿಸುವ ಮನೆತನದಲ್ಲಿ ಗಂಡು ಸಂತಾನವಿಲ್ಲದೆ ಹೋಗಿದ್ದರಿಂದ ಬಾಚವ್ವೆ ಎಂಬ ಮಗಳು ಆ ಕೆಲಸಕ್ಕೆ ಬಂದಿದ್ದಳು. ಇಪ್ಪತ್ತೊಂಬತ್ತರ ಹೆಂಗಸು, ಗಂಡನನ್ನು ಕಳೆದುಕೊಂಡವಳು, ಸೊಂಟದ ಮೇಲೆ ಒಂದು ಹೆಣ್ಣು ಕೂಸು, ಉಪ್ಪು ಹೊತ್ತು ಬಲಿತ ಕುತ್ತಿಗೆ. ಮಂತ್ರಿಗಳು ಮೂಗು ಮುರಿದರು. ಆದರೆ ಕಟ್ಟಳೆಯಲ್ಲಿ ಗಂಡಿನ ಕೈ ಎಂದು ಎಲ್ಲಿಯೂ ಹೇಳಿರಲಿಲ್ಲ. ಪಟ್ಟದ ದಿನ ಬಾಚವ್ವೆ ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಸುತ್ತಿ ಸಿಂಬಿ ಮಾಡಿ, ಬಿಂದಿಗೆಯ ಕೆಳಗೆ ಇಡುವಂತೆ ಅರಸನ ತಲೆಯ ಮೇಲಿಟ್ಟಳು. ಅದರ ಮೇಲೆ ಕಿರೀಟ ಏರಿಸಿದಳು. ಮಂಗಳವಾದ್ಯದ ಗದ್ದಲದಲ್ಲಿ ಅವಳು ಹೇಳಿದ್ದು ಅವನೊಬ್ಬನಿಗೇ ಕೇಳಿಸಿತು.

"ಕತ್ತು ನೆಟ್ಟಗಿಡು ತಮ್ಮಾ, ನೆಲ ನೋಡಬ್ಯಾಡ. ಸಂಜೀಗೆ ಬಂದು ಇಳಸ್ತೀನಿ."

ಇರುಗಮಲ್ಲನಿಗೆ ಅಂದು ಆದ ಸಮಾಧಾನ ಆಮೇಲೆ ಎಂದೂ ಆಗಲಿಲ್ಲ. ತಲೆಯ ಮೇಲೆ ಭಾರ ಬಿದ್ದಿತ್ತು, ಸುತ್ತ ನಿಂತವರೆಲ್ಲ ಅವನಿಗಿಂತ ದೊಡ್ಡವರು, ಜಾಣರು. ಅವರ ನಡುವೆ ಈ ಒಬ್ಬಳು ಹೆಂಗಸು ಇದು ಸಂಜೆಯವರೆಗಿನ ಕೆಲಸ ಎಂದು ಹೇಳಿದ್ದಳು. ಅಂದಿನಿಂದ ಅವನು ಅವಳನ್ನು ಅಕ್ಕ ಎಂದೇ ಕರೆದ. ಬೆಳಗ್ಗೆ ಅವಳು ಆಸ್ಥಾನದ ಮೆಟ್ಟಿಲ ಮೇಲೆ ನಿಂತು ಏರಿಸುವಳು, ಕೆಳಗಿನ ಮೆಟ್ಟಿಲಲ್ಲಿ ಅವನು ನಿಂತೇ ಹೊರುವನು. ಸಂಜೆ ಇಳಿಸಿ, ಹಣೆಯ ಮೇಲೆ ಮೂಡಿದ ಬರೆಯನ್ನು ಹೆಬ್ಬೆರಳಿನಿಂದ ಒಮ್ಮೆ ತೀಡಿ, ಹೋಗಿ ಮಲಕ್ಕೋ ಎನ್ನುವಳು. ಒಂಬತ್ತು ವರ್ಷ ಹೀಗೇ ನಡೆಯಿತು. ಇರುಗಮಲ್ಲ ಚೆನ್ನಾಗಿಯೇ ಆಳಿದ. ಸುತ್ತಲ ನಾಡುಗಳು ಒಂದೊಂದೇ ಅವನ ಕೈಗೆ ಬಂದವು, ಜನ ಅವನನ್ನು ಚಕ್ರವರ್ತಿ ಎಂದರು. ಒಂದು ತಲೆಗೆ ಅಷ್ಟು ನಾಡು ಯಾಕೆ ಬೇಕು ಎಂದು ಕೇಳಿದವರಿಲ್ಲ. ಕೇಳಬಹುದಾಗಿದ್ದ ಒಬ್ಬಳಿಗೆ ಆಸ್ಥಾನದಲ್ಲಿ ಮಾತಾಡುವ ಹಕ್ಕಿರಲಿಲ್ಲ.

ಒಂಬತ್ತನೆಯ ವರ್ಷ, ದೊಡ್ಡದೊಂದು ಯುದ್ಧ ಗೆದ್ದು ಬಂದ ಸಂಭ್ರಮದಲ್ಲಿ, ಇರುಗಮಲ್ಲ ವಿಜಯದ ಮಂಟಪವೊಂದನ್ನು ಕಟ್ಟಿಸತೊಡಗಿದ. ಅದಕ್ಕೆ ನಲವತ್ತು ಮೆಟ್ಟಿಲು ಬೇಕಾಗಿತ್ತು. ಗಣಿಯಿಂದ ಎಬ್ಬಿಸಿ ಕಡೆದು ತರುವುದಕ್ಕೆ ಎರಡು ವರ್ಷ ಹಿಡಿಯುತ್ತದೆ ಎಂದು ಕಲ್ಲುಕುಟಿಗರು ಹೇಳಿದರು. ಉದ್ದ ಅಗಲ ಸರಿಯಾಗಿರುವ, ನಯವಾದ ಕಲ್ಲುಗಳು ಉಪ್ಪಿನ ಹಾದಿಯಲ್ಲಿ ಸಿದ್ಧವಾಗಿಯೇ ಇವೆಯಲ್ಲ ಎಂದು ಮಂತ್ರಿಯೊಬ್ಬನಿಗೆ ಹೊಳೆಯಿತು. ಗುಡ್ಡದ ಹಾದಿಯಲ್ಲಿ ತಿರುವಿಗೊಂದರಂತೆ, ಬಯಲಿನಲ್ಲಿ ಹರದಾರಿಗೊಂದರಂತೆ ಎಷ್ಟೋ ಹೊರೆಗಲ್ಲುಗಳಿದ್ದವು. ಅರಸ ಆಗಲಿ ಎಂದ. ಮರುದಿನ ಬೆಳಗ್ಗೆ ಕಿರೀಟ ಏರಿಸುವಾಗ ಬಾಚವ್ವೆ ಆ ಕಲ್ಲುಗಳನ್ನು ಕೀಳಿಸಬೇಡವೆಂದು ಬೇಡಿಕೊಂಡಳು. ಬೇಕಾದರೆ ಹೊರೆಗಾರರೆಲ್ಲ ಬಂದು ಗಣಿಯಿಂದ ಕಲ್ಲು ಹೊತ್ತುಕೊಡುತ್ತೇವೆ ಎಂದಳು. ಇರುಗಮಲ್ಲನಿಗೆ ಅಂದು ಬೇರೆ ನಾಡಿನ ದೂತರು ಕಾದಿದ್ದರು, ಅವಸರದಲ್ಲಿದ್ದ. "ಕಲ್ಲು ತಾನೆ, ಅಕ್ಕಾ," ಎಂದು ನಕ್ಕು ಹೊರಟುಹೋದ. ಕೇಡಿನ ಮಾತುಗಳನ್ನು ಯಾರೂ ಗುಡುಗಿ ಆಡುವುದಿಲ್ಲ, ಹೀಗೆ ನಗುತ್ತಲೇ ಆಡುತ್ತಾರೆ.

ಮಧ್ಯಾಹ್ನ ಹತ್ತಿರದ ಬಯಲಿನ ಕಲ್ಲು ಹೇರಿದ ಮೊದಲ ಬಂಡಿಗಳು ಕೋಟೆಯ ಬಾಗಿಲಿಗೆ ಬಂದವು. ಕಲ್ಲುಗಳ ಮೇಲೆ ತಲೆತಲಾಂತರದ ಉಪ್ಪು ಬೆಳ್ಳಗೆ ಅಂಟಿತ್ತು. ಬಾಚವ್ವೆ ಅವುಗಳನ್ನು ನಿಂತು ನೋಡಿದಳು, ಮಗಳನ್ನು ಕರೆದುಕೊಂಡಳು, ಯಾರಿಗೂ ಏನೂ ಹೇಳದೆ ಊರ ಬಾಗಿಲು ದಾಟಿ ನಡೆದುಬಿಟ್ಟಳು. ಸಂಜೆ ಇರುಗಮಲ್ಲ ಮೆಟ್ಟಿಲ ಬುಡದಲ್ಲಿ ಬಂದು ನಿಂತಾಗ ಮೇಲಿನ ಮೆಟ್ಟಿಲು ಬರಿದಾಗಿತ್ತು. ಅವನು ದೀಪ ಹಚ್ಚುವವರೆಗೂ ನಿಂತ. ಆಮೇಲೆ ಹುಡುಕಲು ಆಳುಗಳನ್ನು ಅಟ್ಟಿದ. ಹೊರೆಗಾರರು ಅವಳನ್ನು ಬಚ್ಚಿಟ್ಟರೋ, ಅವಳೇ ಅಡಗಿದಳೋ, ಅವಳು ಸಿಕ್ಕಲಿಲ್ಲ. ಬೇರೆ ಕೈ ಕಿರೀಟ ಇಳಿಸಿದರೆ ಅದು ಪಟ್ಟ ತಪ್ಪಿಸಿದಂತೆ ಎಂದು ಪುರೋಹಿತರು ಹೇಳಿದರು. ಹೊಸದಾಗಿ ಗೆದ್ದ ನಾಡಿನವರು ಅಂಥದ್ದೊಂದು ಸುದ್ದಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದರು. ಇರುಗಮಲ್ಲ ಹಲ್ಲು ಕಚ್ಚಿ, ಅವಳಿಲ್ಲದಿದ್ದರೆ ನಾನು ಹೊರಲಾರೆನೇ, ಎಂದುಕೊಂಡ. ನಾಲ್ಕು ದಿನದಲ್ಲಿ ಅವಳೇ ಬರುತ್ತಾಳೆ ಎಂದುಕೊಂಡ. ಅವಳು ಬರಲಿಲ್ಲ, ಅವನೂ ಹೋಗಲಿಲ್ಲ.

ಮೂವತ್ತೊಂದು ವರ್ಷ ಇರುಗಮಲ್ಲ ಚಕ್ರವರ್ತಿ ಕಿರೀಟ ಇಳಿಸಲಿಲ್ಲ ಎನ್ನುತ್ತಾರೆ. ನಂಬುವುದು ಕಷ್ಟ. ಆದರೆ ಅವನು ಹೇಗೆ ದಿನ ಕಳೆದನೆಂದು ಹೇಳುವವರು ಎಲ್ಲವನ್ನೂ ಸಣ್ಣ ಸಣ್ಣ ವಿವರದೊಡನೆ ಹೇಳುತ್ತಾರೆ. ಕಿರೀಟ ಹೊತ್ತು ಮಲಗಲಾಗುವುದಿಲ್ಲ. ಆದ್ದರಿಂದ ಮಲಗುವ ಮನೆಯ ಗೋಡೆಯಲ್ಲಿ ಕಿರೀಟದ ಅಳತೆಗೆ ಗೂಡು ಕೊರೆಸಿದ್ದರು. ಅರಸ ಗೋಡೆಗೊರಗಿ ಕೂತು, ಕಿರೀಟವನ್ನು ಗೂಡಿಗೆ ಆನಿಸಿ, ಹಾಗೇ ಕಣ್ಣು ಮುಚ್ಚುತ್ತಿದ್ದ. ಮೂರನೆಯ ವರ್ಷಕ್ಕೆ ಬಾಚವ್ವೆಯ ಸಿಂಬಿ ಚಿಂದಿಯಾಗಿ ಉದುರಿಹೋಯಿತು. ಕಿರೀಟ ಎತ್ತದೆ ಬೇರೊಂದನ್ನು ತೂರಿಸುವಂತಿಲ್ಲ. ಅಲ್ಲಿಂದ ಮುಂದೆ ಕಬ್ಬಿಣ ನೇರವಾಗಿ ಬುರುಡೆಗೆ ಒತ್ತಿತು, ಕೂದಲು ಉದುರಿತು, ಹಣೆಯ ಬರೆ ಗಾಯವಾಗಿ, ಗಾಯ ಗಂಟಾಯಿತು. ಅವನು ಆಕಾಶ ನೋಡುವುದನ್ನು ಬಿಟ್ಟ, ಮಕ್ಕಳ ಮುಖಕ್ಕೆ ಬಗ್ಗುವುದನ್ನು ಬಿಟ್ಟ. ಯಾರಾದರೂ ಕರೆದರೆ ಕತ್ತು ತಿರುಗಿಸಲಾರದೆ ಮೈಯನ್ನೇ ತಿರುಗಿಸುತ್ತಿದ್ದ. ಜನರ ಕಣ್ಣಿಗೆ ಅದೇ ಗಾಂಭೀರ್ಯವಾಗಿ ಕಂಡಿತು.

ನಾಡು ಇನ್ನೂ ಬೆಳೆಯಿತು. ಅದು ಅವನಿಗೆ ಬೇಕಾಗಿತ್ತೆಂದಲ್ಲ, ನಿಲ್ಲಿಸುವ ಆದೇಶ ಕೊಡುವುದಕ್ಕೂ ಚೈತನ್ಯವಿರಲಿಲ್ಲ. ದೂರು ತಂದವರ ಮಾತು ನಡುವಿನಲ್ಲೇ ಅವನಿಗೆ ಮಸುಕಾಗುತ್ತಿತ್ತು. ಹಾಗೇ ಆಗಲಿ ಎಂದುಬಿಡುತ್ತಿದ್ದ. ಯಾರು ಮೊದಲು ಬಂದರೋ ಅವರಂತೆ ತೀರ್ಪು. ಒಳ್ಳೆಯ ಅರಸನಾಗಿ ಹುಟ್ಟಿದವನು ನಿದ್ದೆಗೆಟ್ಟು ಕೆಟ್ಟ ಅರಸನಾದ ಎಂದರೆ ತಪ್ಪಿಲ್ಲ. ಅವನಿಗೂ ಅದು ಗೊತ್ತಿತ್ತು, ಗೊತ್ತಿದ್ದೂ ಏನು ಮಾಡಲೂ ಕೈಯಾಗುತ್ತಿರಲಿಲ್ಲ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ದಿನ, ಗಡಿಯ ಊರೊಂದರ ಜನರನ್ನು ಎಬ್ಬಿಸಿ ಓಡಿಸುವ ಆಜ್ಞೆಗೆ ತೂಕಡಿಸುತ್ತಲೇ ಒಪ್ಪಿಗೆ ಕೊಟ್ಟನಂತೆ. ವಾರ ಕಳೆದು ಆ ಜನ ಕೋಟೆಯ ಮುಂದೆ ಕೂಸುಕುನ್ನಿಗಳೊಡನೆ ಬಂದು ನಿಂತಾಗ, ಇವರನ್ನು ಓಡಿಸಿದವರು ಯಾರು ಎಂದು ಕೇಳಿದ. ತಾವೇ, ಎಂದರು ಮಂತ್ರಿಗಳು. ಅಂದು ಇರುಗಮಲ್ಲನಿಗೆ ಹೆದರಿಕೆಯಾಯಿತು. ಆ ಜನರನ್ನು ಅವರ ಊರಿಗೆ ಕಳಿಸಿಕೊಟ್ಟು, ಇದನ್ನು ಇನ್ನು ಇಳಿಸಲೇಬೇಕು, ಇಳಿಸಿ ಒಂದು ಸಲ ಮೈ ಚಾಚಿ ಮಲಗಬೇಕು, ಬೇರೆ ಏನೂ ಬೇಡ, ಎಂದು ನಿಶ್ಚಯಿಸಿದ. ಪಲ್ಲಕ್ಕಿ ಬೇಡವೆಂದು, ಹತ್ತು ಆಳುಗಳೊಡನೆ ಉಪ್ಪಿನ ಹಾದಿ ಹಿಡಿದು ನಡೆದ. ಮೂವತ್ತೊಂದು ವರ್ಷ ಹಿಡಿದದ್ದು ಆ ನಿಶ್ಚಯಕ್ಕೇ ಹೊರತು ದಾರಿಗಲ್ಲ. ದಾರಿ ಮೂರೇ ದಿನದ್ದು.

ಗುಡ್ಡದ ಬುಡದ ಹೊರೆಗಾರರ ಕೇರಿಯಲ್ಲಿ ಬಾಚವ್ವೆ ಇದ್ದಳು. ಈ ಸಲ ಯಾರೂ ಅವಳನ್ನು ಬಚ್ಚಿಡಲಿಲ್ಲ. ಬಚ್ಚಿಡುವಷ್ಟು ಜನವೇ ಅಲ್ಲಿ ಉಳಿದಿರಲಿಲ್ಲ. ಎಪ್ಪತ್ತರ ಹತ್ತಿರದ ಮುದುಕಿ, ಜಗಲಿಯ ಮೇಲೆ ಕೂತು ಉಪ್ಪಿನ ಕಸ ಆರಿಸುತ್ತಿದ್ದಳು. ತಲೆ ಎತ್ತಿ ಅರಸನ ಹಣೆಯನ್ನೇ ನೋಡಿದಳು. ಅವನು ಅವಳ ಮುಂದೆ ನೆಲದ ಮೇಲೆ ಕುಳಿತ.

"ಇಳಿಸಕ್ಕಾ," ಎಂದ. "ಸಂಜೆಯಾಗಿ ಬಹಳ ಹೊತ್ತಾಯ್ತು."

ಬಾಚವ್ವೆ ಎದ್ದು ಬಂದಳು. ಎರಡು ಕೈಯನ್ನೂ ಮುಂದೆ ಚಾಚಿದಳು. ಕೈಗಳು ಎದೆಯ ಮಟ್ಟಕ್ಕೆ ಬಂದು ನಿಂತವು. ಹೊರೆಗಲ್ಲುಗಳನ್ನು ಕಿತ್ತ ಮೇಲೆ ಆ ಹಾದಿಯಲ್ಲಿ ಹೊರೆ ಇಳಿಸಲು ಎಡೆಯಿರಲಿಲ್ಲ. ಬುಡದಲ್ಲಿ ಏರಿಸಿದ್ದನ್ನು ಗುಡ್ಡದಾಚೆಗೇ ಇಳಿಸಬೇಕು, ನಡುವೆ ಎರಡು ಕೈಗಳಿಂದ ಮೇಲಕ್ಕೆ ಆನಿಕೊಂಡೇ ಹೋಗಬೇಕು. ಹಾಗೆ ಹೊತ್ತು ಹೊತ್ತು ಅವಳ ರಟ್ಟೆಗಳು ಸತ್ತುಹೋಗಿದ್ದವು; ಹತ್ತು ವರ್ಷದಿಂದ ಎದೆಗಿಂತ ಮೇಲಕ್ಕೆ ಏಳುತ್ತಿರಲಿಲ್ಲ. ಇರುಗಮಲ್ಲ ಅದನ್ನು ನೋಡಿ, ಅರ್ಥವಾಗದೆ, ತಾನು ಕೂತೇ ಇದ್ದೇನಲ್ಲ, ಹೀಗೆಯೇ ಇಳಿಸಬಹುದಲ್ಲ ಎಂದ. ಬಾಚವ್ವೆ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಕೂತೋರ ತಲೀಮ್ಯಾಗಿಂದ ಒಂದ್ಸಲ ಇಳಿಸೀನಿ," ಎಂದಳು. "ಏಳನೇ ತಿರುವ್ನಾಗೆ, ಕಲ್ಲಿದ್ದ ಜಾಗದಾಗೆ. ನನ್ನ ಮಗಳು ಹೊರೆ ಹೊತ್ಕೊಂಡೇ ಕೂತುಬಿಟ್ಟಿದ್ಲು. ನಾನು ಇಳಿಸಾ ಹೊತ್ಗೆ ಅವ್ಳು ಇರ್ಲಿಲ್ಲ. ಅವತ್ತಿನಿಂದ ಕೂತೋರ ತಲೀಗೆ ಕೈ ಹಾಕಿಲ್ಲ, ತಮ್ಮಾ. ಹಾಕಾಕೆ ಆಗಾಂಗಿಲ್ಲ."

ಆ ಮಗಳನ್ನು ಇರುಗಮಲ್ಲ ಬಲ್ಲ. ಮಾಳಿ ಎಂದು ಹೆಸರು; ಆಸ್ಥಾನದ ಮೆಟ್ಟಿಲಲ್ಲಿ ತಾಯಿಯ ಸೆರಗು ಹಿಡಿದು ನಿಂತಿರುತ್ತಿದ್ದ ಕೂಸು. ಕಲ್ಲು ತಾನೆ ಎಂದು ತಾನು ನಕ್ಕ ಬೆಳಗ್ಗೆ ಕೂಡ ಅವಳು, ಅಷ್ಟರಲ್ಲಿ ಬೆಳೆದ ಹುಡುಗಿ, ಅಲ್ಲಿಯೇ ನಿಂತು ತನ್ನನ್ನು ನೋಡುತ್ತಿದ್ದಳು. ಅವನಿಗೆ ಅಳು ಬಂತು. ಆದರೆ ಕಿರೀಟ ಹೊತ್ತವನಿಗೆ ಮುಖ ಮುಚ್ಚಿಕೊಂಡು ಅಳಲೂ ಆಗದು, ತಲೆ ಬಾಗುವುದಿಲ್ಲ. ಕೇರಿಯವರ ಎದುರಿಗೆ, ನೆಟ್ಟಗಿನ ಕತ್ತಿನಲ್ಲೇ, ಕೆನ್ನೆಯ ಮೇಲೆ ನೀರು ಇಳಿಯುತ್ತಿರಲು ಕುಳಿತಿದ್ದ. ಅವನನ್ನು ಯಾರೂ ಸಂತೈಸಲಿಲ್ಲ. ಕೇರಿಯ ಪ್ರತಿ ಮನೆಯಲ್ಲೂ ಆ ಹಾದಿ ಒಬ್ಬರನ್ನಾದರೂ ತಿಂದಿತ್ತು. ಕೊನೆಗೆ ಬಾಚವ್ವೆಯೇ ಮಾತಾಡಿದಳು. ತಾನೂ ತಪ್ಪಿದವಳೇ, ಏರಿಸಿದ್ದನ್ನು ಇಳಿಸದೆ ಬಂದವಳು. ಅಂದಿನಿಂದ ಈ ಕೇರಿಯಲ್ಲಿ ತನ್ನ ಮನೆಯ ನೀರನ್ನು ಯಾರೂ ಮುಟ್ಟಿಲ್ಲ, ತಾನೂ ಕೊಡಹೋಗಿಲ್ಲ, ಎಂದಳು. ತನ್ನ ಕೈ ಈಗ ಏಳುವುದಿಲ್ಲ, ಆದರೆ ಕೈ ಇಲ್ಲದ ಕಡೆ ಇಳಿಸಲು ಹಿರಿಯರು ಒಂದು ದಾರಿ ಇಟ್ಟಿದ್ದರು, ಅದನ್ನು ನೀನು ಮಂಟಪಕ್ಕೆ ಹಾಕಿಕೊಂಡೆ. ಮೂರು ಕಲ್ಲು ತಂದು ನಿಲ್ಲಿಸು. ಬಂಡಿಯಲ್ಲಿ ತಂದದ್ದು ಹೊರೆಗಲ್ಲಾಗುವುದಿಲ್ಲ, ಹೊತ್ತು ತರಬೇಕು, ಎಂದಳು.

ಇರುಗಮಲ್ಲ ಬಂದ ದಾರಿಯಲ್ಲೇ ಹಿಂದಿರುಗಿದ. ಮಂಟಪದ ಮೆಟ್ಟಿಲುಗಳಲ್ಲಿ ಕೆಳಗಿನ ಮೂರನ್ನು ಕೀಳಿಸಿದ. ಅಂಚಿಗೆ ತಾವರೆ ಕಡೆದಿದ್ದರು, ಮೂವತ್ತೊಂದು ವರ್ಷ ಜನ ಹತ್ತಿಳಿದು ನಡುವೆ ಸವೆದಿತ್ತು. ಬಿದಿರಿನ ಗಳುಗಳಿಗೆ ಹಗ್ಗ ಬಿಗಿದು ಆಳುಗಳು ಹೆಗಲು ಕೊಟ್ಟರು. ಮೊದಲ ಕಲ್ಲಿನ ಗಳುವಿಗೆ ಚಕ್ರವರ್ತಿಯೂ ಹೆಗಲು ಕೊಟ್ಟ. ಮಗ ಅಯ್ಯಣ ಅಡ್ಡ ಬಂದು, ಇದೆಂಥ ಅಪಹಾಸ್ಯ, ಊರೆಲ್ಲ ನೋಡುತ್ತಿದೆ ಎಂದ. ನೋಡಲಿ, ಎಂದು ಇರುಗಮಲ್ಲ ನಡೆದ. ತಲೆಯ ಮೇಲೆ ಕಿರೀಟ, ಹೆಗಲ ಮೇಲೆ ಗಳು. ಮೂರು ದಿನದ ದಾರಿಗೆ ಹನ್ನೊಂದು ದಿನ ಹಿಡಿಯಿತು. ದಾರಿಯಲ್ಲಿ ನಿಲ್ಲಿಸಿದಾಗಲೆಲ್ಲ ಅವನು ಕಲ್ಲಿಗೇ ಒರಗಿ ಕೂತು ಕಣ್ಣು ಮುಚ್ಚುತ್ತಿದ್ದ. ಬಯಲು ಮುಗಿಯುವ ಹೊತ್ತಿಗೆ ಅರ್ಧ ಆಳುಗಳು ಬಿದ್ದುಹೋಗಿದ್ದರು. ಗುಡ್ಡದ ಬುಡದಲ್ಲಿ ಹೊರೆಗಾರರು ಎರಡೂ ಕಡೆ ಸಾಲಾಗಿ ನಿಂತು ನೋಡುತ್ತಿದ್ದರು. ಎರಡನೆಯ ತಿರುವಿನವರೆಗೆ ಸುಮ್ಮನೆ ನೋಡಿದರು. ಅಲ್ಲಿ ಅರಸನ ಮೊಣಕಾಲು ಮಡಚಿತು. ಗಳು ಅವನ ಹೆಗಲಿನಿಂದ ಜಾರುವಷ್ಟರಲ್ಲಿ ಯಾರೋ ಒಬ್ಬ ಮುದುಕ ಒಳಗೆ ನುಗ್ಗಿ ಹೆಗಲು ಕೊಟ್ಟ. ಆಮೇಲೆ ಇನ್ನೊಬ್ಬ. ಏಳನೆಯ ತಿರುವಿಗೆ ಬರುವಾಗ ಆ ಕಲ್ಲುಗಳ ಕೆಳಗೆ ಆಸ್ಥಾನದವರಿಗಿಂತ ಕೇರಿಯವರೇ ಹೆಚ್ಚಿದ್ದರು ಎನ್ನುತ್ತಾರೆ.

ಮಾಳಿ ಕೂತ ಜಾಗದಲ್ಲೇ ಕಲ್ಲು ನಿಂತಿತು. ಅಡ್ಡಗಲ್ಲನ್ನು ಏರಿಸಿ ಸರಿಪಡಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇರುಗಮಲ್ಲ ಮಗ್ಗುಲಿಗೆ ನಿಂತ, ಹೇಗೆ ಮಾಡಬೇಕೆಂದು ತಿಳಿಯದೆ ನಿಂತೇ ಇದ್ದ. ನನ್ನಿಗನ ವಂಶದವನು ಹೊರೆ ಇಳಿಸುವುದನ್ನು ಕಲಿತಿರಲಿಲ್ಲ. ಬಾಚವ್ವೆ ಪಕ್ಕಕ್ಕೆ ಬಂದು ನಿಂತಳು.

"ಮೊಣಕಾಲು ತುಸು ಮಡಚು. ಕಲ್ಲಿಗೆ ಕಿವಿ ಹಚ್ಚು. ಅವಸರ ಮಾಡಬ್ಯಾಡ, ತಾನೇ ಜಾರ್ತೈತಿ."

ಕಿರೀಟ ಜಾರಿತು. ಕಲ್ಲಿನ ಮೇಲೆ ಕಬ್ಬಿಣ ಕೂತ ಸದ್ದು ಮಾತ್ರ ಕೇಳಿಸಿತು. ಇರುಗಮಲ್ಲ ಒಂದು ಹೆಜ್ಜೆ ಹಿಂದೆ ಸರಿದು ಎರಡು ಕೈಗಳಿಂದ ತನ್ನ ಬೋಳು ತಲೆಯನ್ನು ಮುಟ್ಟಿ ನೋಡಿಕೊಂಡ. ಬಾಚವ್ವೆಯ ಕೈ ಹಣೆಯವರೆಗೆ ಏಳದು, ಅವನೇ ಬಗ್ಗಿದ; ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕತ್ತು ಬಗ್ಗಿತು. ಅವಳು ಹೆಬ್ಬೆರಳಿನಿಂದ ಆ ಗಂಟನ್ನು ಒಮ್ಮೆ ತೀಡಿದಳು. ತಾನು ಹೊದ್ದಿದ್ದ ಬಟ್ಟೆಯನ್ನು ಸಿಂಬಿ ಸುತ್ತಿ ಕಲ್ಲಿನ ನೆರಳಿನಲ್ಲಿ ಇಟ್ಟಳು. ಚಕ್ರವರ್ತಿ ಅದರ ಮೇಲೆ ತಲೆಯಿಟ್ಟು, ಕಾಲು ಚಾಚಿ, ದಾರಿಯ ಮಗ್ಗುಲಿನ ಧೂಳಿನಲ್ಲಿ ಮಲಗಿದ. ಎರಡು ಹಗಲು ಎರಡು ಇರುಳು ಅವನು ಏಳಲಿಲ್ಲ. ಹೊರೆಗಾರರು ಅವನನ್ನು ದಾಟದೆ, ಬಳಸಿಕೊಂಡು ಹೋದರು. ಎದ್ದಾಗ ಬಾಚವ್ವೆ ನೀರಿನ ತಂಬಿಗೆ ಹಿಡಿದು ಕೂತಿದ್ದಳು. ಅವನು ಕುಡಿದ. "ನನ್ನದೂ ಇಳೀತು," ಎಂದಳು ಬಾಚವ್ವೆ. ಮೂವತ್ತೊಂದು ವರ್ಷದಲ್ಲಿ ಅವಳ ಮನೆಯ ನೀರನ್ನು ಮೊದಲು ಮುಟ್ಟಿದವನು ಅವನೇ. ಅವತ್ತು ಸಂಜೆ ಕೇರಿಯವರೂ ಒಬ್ಬೊಬ್ಬರಾಗಿ ಬಂದು ಅವಳ ಮನೆಯಲ್ಲಿ ನೀರು ಕುಡಿದರು.

ಕಿರೀಟ ಕಲ್ಲಿನ ಮೇಲೆಯೇ ಉಳಿಯಿತು. ಹೊರೆಗಲ್ಲಿನ ಮೇಲೆ ಇಳಿಸಿದ್ದನ್ನು ಬೇರೆಯವರು ಮುಟ್ಟುವಂತಿಲ್ಲ, ಬೇರೊಬ್ಬ ಅರಸ ಹೊರುವುದಾದರೆ ಕಿರೀಟ ಏರಿಸುವ ಮನೆತನದ ಕೈಯೇ ಎತ್ತಿಕೊಡಬೇಕು. ಅಯ್ಯಣ ಕುದುರೆ ಏರಿ ಬಂದ. ಬಾಚವ್ವೆಯ ಕೈ ಏಳದು. ಅವಳ ಮನೆತನದಲ್ಲಿ ಕೈ ಹಚ್ಚಬೇಕಾಗಿದ್ದವಳು ಇದೇ ತಿರುವಿನಲ್ಲಿ ಸತ್ತಿದ್ದಳು. ಅವನು ನೋಡಿಕೊಂಡು ಹಿಂದಿರುಗಿದ, ಸಿರಿವೊಳಲಿನಲ್ಲಿ ತಗಡಿನಂಥ ಹಗುರವಾದ ಕಿರೀಟವೊಂದನ್ನು ಮಾಡಿಸಿ ತಾನೇ ಏರಿಸಿಕೊಂಡ. ಅವನ ಆಳ್ವಿಕೆ ಬಹಳ ಕಾಲ ನಿಲ್ಲಲಿಲ್ಲ. ಗೆದ್ದ ನಾಡುಗಳು ಸದ್ದಿಲ್ಲದೆ ತಮ್ಮ ತಮ್ಮ ಪಾಡಿಗೆ ಹೋದವು. ಇರುಗಮಲ್ಲ ರಾಜಧಾನಿಗೆ ಮರಳಲಿಲ್ಲ. ಕಲ್ಲಿನ ಪಕ್ಕದಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು, ಏರು ಹತ್ತಿ ಬಂದವರಿಗೆ ಹೊರೆಯನ್ನು ಕಲ್ಲಿಗೆ ಇಳಿಸಲು, ಕಲ್ಲಿನಿಂದ ಏರಿಸಲು ಕೈ ಹಚ್ಚುತ್ತ ಆರು ವರ್ಷ ಬಾಳಿದ. ಮಿಕ್ಕ ಮೆಟ್ಟಿಲುಗಳನ್ನೂ ಒಂದೊಂದಾಗಿ ಹೊತ್ತು ತರಿಸಿದನಂತೆ, ಎಲ್ಲ ತರುವಷ್ಟು ಆಯುಷ್ಯ ಸಾಲಲಿಲ್ಲ. ಅವನ ಹಗಲುನಿದ್ದೆಯ ಬಗ್ಗೆ ಹೊರೆಗಾರ ಹೆಂಗಸರು ತಮಾಷೆ ಮಾಡುತ್ತಿದ್ದರಂತೆ, ಅವನಿಗೆ ಅದು ಬೇಸರವಾಗುತ್ತಿರಲಿಲ್ಲ.

ಸಿರಿವೊಳಲು ಈಗ ಜಾಲಿ ಬೆಳೆದ ದಿಬ್ಬ. ಮಂಟಪವೆಂದು ತೋರಿಸುವ ಕಡೆ ಕೆಲವು ಮೆಟ್ಟಿಲುಗಳಿವೆ, ಅವು ಎಲ್ಲಿಗೂ ಹತ್ತುವುದಿಲ್ಲ. ಕಿರೀಟದ ಬಂಗಾರವನ್ನು ಯಾವ ಕಾಲದಲ್ಲಿ ಯಾರು ಸುಲಿದರೋ ತಿಳಿಯದು; ಕಬ್ಬಿಣ ಮಳೆಯಲ್ಲಿ ಕರಗಿ ಕಲ್ಲಿಗೆ ಇಳಿಯಿತು ಎನ್ನುತ್ತಾರೆ, ಬಳೆ ಅದೇ. ಇಂದಿಗೂ ಸೌದೆಯ ಹೊರೆ ತರುವ ಹೆಂಗಸರು ಆ ಬಳೆಯ ಮೇಲೆ ಹೊರೆ ಇಡುವುದಿಲ್ಲ, ಪಕ್ಕಕ್ಕೆ ಇಡುತ್ತಾರೆ. ಹೊರಡುವ ಮುನ್ನ ಹಿಂದೆ ಬರುವವರು ಯಾರಾದರೂ ಇದ್ದಾರೆಯೇ ಎಂದು ಇಳಿಜಾರಿನ ಕಡೆ ಒಮ್ಮೆ ನೋಡುತ್ತಾರೆ, ಇದ್ದರೆ ಅವರಿಗೆ ಕೈ ಹಚ್ಚಿಯೇ ಹೋಗುತ್ತಾರೆ. ಕೇರಿಯ ಹಿರಿಯ ಸಣ್ಣತಿಮ್ಮಪ್ಪ ಮಧ್ಯಾಹ್ನದ ಹೊತ್ತು ಕಲ್ಲಿನ ನೆರಳಿನಲ್ಲಿ ಸಿಂಬಿಗೆ ತಲೆಯಿಟ್ಟು ಮಲಗಿರುತ್ತಾನೆ. ಒಮ್ಮೆ ಬೈಕಿನಲ್ಲಿ ಬಂದ ಯಾರೋ ಪ್ರವಾಸಿ ಬೆವರು ಒರೆಸಿಕೊಳ್ಳುತ್ತ ತನ್ನ ಹೆಲ್ಮೆಟ್ಟನ್ನು ತೆಗೆದು, ನೋಡದೆ, ಆ ಬಳೆಯ ಮೇಲೆಯೇ ಇಟ್ಟ. ಜೊತೆಗೆ ಬಂದಿದ್ದ ಊರವರು ಗದರಿಸಹೋದರು. ಸಣ್ಣತಿಮ್ಮಪ್ಪ ಮಲಗಿದಲ್ಲಿಂದಲೇ ಕೈ ಎತ್ತಿ ತಡೆದ.

"ಇಳಸ್ಲಿ ಬಿಡ್ರಿ," ಎಂದ. "ಪಾಪ, ಎಲ್ಲಿಂದ ಹೊತ್ಕೊಂಡು ಬಂದಾನೋ."